ತಾತನ ಹೊಟ್ಟೆ ಹುಣ್ಣು, ಅಜ್ಜಿಯ ಕೈಖಾರ

ಬ್ಲಾಗಿಗೆ ಧೂಳು ಹಿಡಿದು ಬಹಳ ದಿನ ಆಯ್ತು. ಆಫೀಸು, ರಿಲೀಸು, ಡೆಡ್‌ಲೈನು ಅಂತ ಹಳೇ ನೆಪಗಳನ್ನೇ ಹೇಳಿ ನಿಮ್ಮ ತಲೆ ತಿನ್ನೋದಿಲ್ಲ. ಈ ಸಲ ಬರೆಯೋಕೆ ಕೂತಿದ್ದು ಒಂದು ಹಳೇ ಕಾಗದದ ದೆಸೆಯಿಂದ.

ನಮ್ಮೂರು ತಿಪಟೂರು ತಾಲ್ಲೂಕಿನಲ್ಲಿ, ತುರುವೇಕೆರೆ ಗಡಿಗೆ ಅಂಟಿಕೊಂಡಂತಿರೋ ಒಂದು ಹಳ್ಳಿ. ತಾತ ತೀರಿಕೊಂಡು ಎಷ್ಟೋ ವರ್ಷ ಆದರೂ ತೋಟ ಇನ್ನೂ ಅವರ ಹೆಸರಲ್ಲೇ ಇದೆ. ಪೌತಿ ಖಾತೆ ಮಾಡಿಸಬೇಕು, ಕಾಗದ ಎಲ್ಲ ಒಂದ್ಸಲ ನೋಡಿ ಜೋಡಿಸಿಕೊಡು ಅಂತ ಅಪ್ಪ ಕರೆದರು. ಶನಿವಾರ ಹೋಗಿ ಆ ಹಳೇ ರೆಕ್ಸಿನ್ ಬ್ಯಾಗು ಬಿಚ್ಚಿ ಕೂತೆ. ಪಹಣಿ, ಕಂದಾಯದ ರಸೀದಿ, ಕೊಬ್ಬರಿ ಮಂಡಿಯ ಚೀಟಿಗಳು, ಯಾವುದೋ ಕಾಲದ ಸೊಸೈಟಿ ಸಾಲದ ಪುಸ್ತಕ. ಇವುಗಳ ನಡುವೆ ನಾಲ್ಕು ಮಡಿಕೆಯಾಗಿ, ಮಡಿಕೆಯ ಗೆರೆಯಲ್ಲೇ ಹರಿದುಹೋಗಿದ್ದ ಒಂದು ಆಸ್ಪತ್ರೆಯ ಬಿಡುಗಡೆ ಚೀಟಿ. ಮೈಸೂರಿನದ್ದು, 1973ರದ್ದು. ಇಂಗ್ಲಿಷಿನಲ್ಲಿ ಎರಡೇ ಸಾಲು ಓದೋ ಹಾಗಿತ್ತು: 'ಕ್ರಾನಿಕ್ ಡಿ.ಯು. ವಿತ್ ಪೈಲೋರಿಕ್ ಸ್ಟೆನೋಸಿಸ್', ಅದರ ಕೆಳಗೆ 'ವೇಗಾಟಮಿ ಅಂಡ್ ಜಿ.ಜೆ.'

ತಾತನ ಹೊಟ್ಟೆ ಮೇಲೆ ಎದೆಗೂಡಿನ ಕೆಳಗಿಂದ ಹೊಕ್ಕುಳ ತನಕ ಒಂದು ಉದ್ದನೆ ಗಾಯದ ಗುರುತಿತ್ತು. ಚಿಕ್ಕವನಿದ್ದಾಗ ಅದರ ಮೇಲೆ ಬೆರಳಾಡಿಸಿ "ಇದೇನು ತಾತ?" ಅಂದ್ರೆ "ಇದು ನಮ್ಮೂರಿಂದ ಮೈಸೂರಿಗೆ ಹೋಗೋ ರಸ್ತೆ" ಅಂತಿದ್ರು. ಆ ರಸ್ತೆಯ ಕತೆ ಪೂರ್ತಿ ಗೊತ್ತಾಗಿದ್ದು ಈಗ.

ಅಜ್ಜಿಗೆ ಈಗ ಎಂಬತ್ತು ದಾಟಿದೆ, ನೆನಪು ಮಾತ್ರ ನನ್ನ ಹಾರ್ಡ್ ಡಿಸ್ಕಿಗಿಂತ ಗಟ್ಟಿ. ಅವರು ಹೇಳಿದ್ದನ್ನ ಹಾಗೇ ಬರೀತೀನಿ. ತಾತನಿಗೆ ಇಪ್ಪತ್ತೇಳು ಇಪ್ಪತ್ತೆಂಟು ವಯಸ್ಸಿಗೇ ಶುರುವಾಯ್ತಂತೆ. ನಡುರಾತ್ರಿ ಎದ್ದು ಕೂರೋದು, ಎದೆಗುಂಡಿಗೆಯ ಕೆಳಗೆ ಉರಿ, ಒಂದು ಚೂರು ಬೆಲ್ಲ ಕೊಬ್ಬರಿನೋ ತಣ್ಣನೆ ಮುದ್ದೆನೋ ತಿಂದರೆ ಸ್ವಲ್ಪ ಹೊತ್ತು ಶಾಂತಿ. ಮಳೆಗಾಲದಲ್ಲಿ ಮೂರು ತಿಂಗಳು ಚೆನ್ನಾಗಿರೋರು, ಆಮೇಲೆ ಮತ್ತೆ ಅದೇ. ಅಂಗಡಿಯಿಂದ ಸೋಡಾ ಪುಡಿ ತಂದು ಇಟ್ಟುಕೊಂಡಿದ್ದರು, ಬಾಯಿಗೆ ಹಾಕಿಕೊಂಡು ನೀರು ಕುಡಿದು ದೊಡ್ಡದಾಗಿ ತೇಗೋರು. ಏಳೆಂಟು ವರ್ಷ ಹೀಗೇ ಕಳೀತು. ಆಮೇಲೆ ನೋವು ಕಡಿಮೆಯಾಗಿ ವಾಂತಿ ಶುರುವಾಯ್ತು. ಸಂಜೆ ಮಾಡಿದ ವಾಂತಿಯಲ್ಲಿ ಹಿಂದಿನ ದಿನ ತಿಂದ ಅವರೆಕಾಳು ಹಾಗೇ ಇರೋದಂತೆ. ಅಜ್ಜಿ ಇದನ್ನ ಹೇಳುವಾಗ ಈಗಲೂ ಮುಖ ಹಿಂಡಿಕೊಳ್ತಾರೆ. ಆಳು ಕಡ್ಡಿಯಾದರು.

ತಿಪಟೂರಿನಿಂದ ಅರಸೀಕೆರೆಗೆ ರೈಲು, ಅಲ್ಲಿ ಗಾಡಿ ಬದಲಿಸಿ ಹಾಸನದ ಮೇಲೆ ಮೈಸೂರಿಗೆ ಮೀಟರ್ ಗೇಜ್. ಅಲ್ಲಿ "ಸುಣ್ಣದ ನೀರು ಕುಡಿಸಿ ಫೋಟೋ ತೆಗೆದರು". ಅದು ಬೇರಿಯಮ್ ಮೀಲ್ ಎಕ್ಸ್‌ರೇ. "ಕರುಳಿನ ಬಾಯಿ ಮುಚ್ಚಿಹೋಗಿದೆ, ಬೇರೆ ದಾರಿ ಮಾಡಬೇಕು" ಅಂದರು. ಮಾಡಿದರು.

ಈಗ ಚೀಟಿಯ ಭಾಷೆಗೆ ಬರೋಣ. ಡಿ.ಯು. ಅಂದ್ರೆ ಡ್ಯುಯೋಡಿನಲ್ ಅಲ್ಸರ್. ನಾವು ಎಲ್ಲದಕ್ಕೂ 'ಹೊಟ್ಟೆ ಹುಣ್ಣು' ಅಂತೀವಿ, ಆದರೆ ಹುಣ್ಣು ಜಠರದಲ್ಲೂ ಆಗಬಹುದು, ಜಠರ ಮುಗಿದು ಸಣ್ಣ ಕರುಳು ಶುರುವಾಗೋ ಜಾಗದಲ್ಲೂ ಆಗಬಹುದು. ತಾತನದ್ದು ಎರಡನೆಯದ್ದು. ಹಸಿದಾಗ ನೋವು, ಉಂಡರೆ ಆರಾಮ ಅನ್ನೋದು ಅದರ ಹಳೇ ಗುರುತು. ಜಠರದ ಒಳಗಿರೋದು ಹೈಡ್ರೋಕ್ಲೋರಿಕ್ ಆಮ್ಲ. ಅದು ನಮ್ಮನ್ನೇ ಸುಡದ ಹಾಗೆ ಒಳಗೋಡೆಗೆ ಲೋಳೆಯ ಒಂದು ಲೇಪನ ಇರುತ್ತೆ. ಆ ಲೇಪನ ಎಲ್ಲೋ ಕಿತ್ತುಹೋದರೆ ಗೋಡೆ ಕೊರೆಯುತ್ತೆ. ಕೊರೆದು, ಮಾಗಿ, ಮತ್ತೆ ಕೊರೆದು, ಮತ್ತೆ ಮಾಗಿ ಗಾಯದ ಗಂಟು ಬೆಳೆದಾಗ ಜಠರದ ಹೊರಬಾಗಿಲು ಕಿರಿದಾಗುತ್ತೆ. ಅದೇ ಪೈಲೋರಿಕ್ ಸ್ಟೆನೋಸಿಸ್. ಜಿ.ಜೆ. ಅಂದ್ರೆ ಗ್ಯಾಸ್ಟ್ರೋಜೆಜುನಾಸ್ಟಮಿ, ಮುಚ್ಚಿದ ಬಾಗಿಲನ್ನು ಬಿಟ್ಟು ಜಠರಕ್ಕೆ ಪಕ್ಕದಲ್ಲಿ ತೂತು ಮಾಡಿ ಕರುಳಿನ ಮುಂದಿನ ಭಾಗಕ್ಕೆ ಹೊಲಿಯೋದು. ವೇಗಾಟಮಿ ಅಂದ್ರೆ ಆಮ್ಲ ಸುರಿಸು ಅಂತ ಜಠರಕ್ಕೆ ಆಜ್ಞೆ ತರುವ ವೇಗಸ್ ನರವನ್ನೇ ಕತ್ತರಿಸೋದು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಬಗ್ ಎಲ್ಲಿದೆ ಅಂತ ಗೊತ್ತಿಲ್ಲ, ಸರ್ವರಿನ ವೈರೇ ಕಿತ್ತುಬಿಡೋಣ ಅನ್ನೋ ಥರ :) ನಗಬೇಡಿ, ಆ ಕಾಲಕ್ಕೆ ಅದು ಜೀವ ಉಳಿಸಿದ ಕೆಲಸ. ತಾತ ಬದುಕಿದ್ದು ಅದರಿಂದಲೇ. ಆದರೆ ಆಮೇಲೆ ಜೀವನವಿಡೀ ಹಬ್ಬದ ದಿನ ಹೋಳಿಗೆ, ಪಾಯಸ ಉಂಡರೆ ಹತ್ತು ನಿಮಿಷಕ್ಕೆ ಬೆವೆತು, ಎದೆ ಹೊಡೆದುಕೊಂಡು, ಜಗಲಿ ಮೇಲೆ ಮಲಗಿಬಿಡೋರು. ಸಿಹಿ ತಿಂದದ್ದು ತಡೆಯಿಲ್ಲದೆ ಕರುಳಿಗೆ ದಬದಬ ಬಿದ್ದು ಆಗೋ ತೊಂದರೆ ಅದು, ಡಂಪಿಂಗ್ ಅಂತಾರೆ. ನಾವು ಮಕ್ಕಳು ಅದನ್ನ ತಾತನ ಹಬ್ಬದ ನಿದ್ದೆ ಅಂದುಕೊಂಡಿದ್ವಿ.

ನನ್ನ ತಲೆ ಕೊರೆದದ್ದು ಆಪರೇಷನ್ ಅಲ್ಲ, ಅದಕ್ಕೆ ಮನೆಯಲ್ಲಿ ಕೊಟ್ಟ ಕಾರಣ. ಇಬ್ಬರ ಮೇಲೆ ತಪ್ಪು ಹೊರಿಸಿದ್ದರು. ಒಂದು ತಾತನ ಮುಂಗೋಪ, ಇನ್ನೊಂದು ಅಜ್ಜಿಯ ಕೈಖಾರ. "ನಿನ್ನ ಸಾರಿನ ಖಾರವೇ ನನ್ನ ಮಗನ ಕರುಳು ಸುಟ್ಟಿದ್ದು" ಅಂತ ಅಜ್ಜಿಯ ಅತ್ತೆ ಸಾಯೋ ತನಕ ಅಂದರಂತೆ, ನೆಂಟರು ಬಂದಾಗ ಸ್ವಲ್ಪ ಜೋರಾಗಿ. 1973ರಿಂದ ನಮ್ಮ ಮನೆಯಲ್ಲಿ ದಿನಾ ಎರಡು ಸಾರು. ಒಂದು ತಾತನಿಗೆ ಸಪ್ಪೆ, ಇನ್ನೊಂದು ಉಳಿದವರಿಗೆ. ಅಜ್ಜಿ ತಿಂತಾ ಇದ್ದದ್ದು ಸಪ್ಪೆಯದ್ದೇ.

ಈ ದೂರು ಸರಿಯಾ ಅಂತ ಹುಡುಕುತ್ತಾ ಹೋದರೆ ಒಂದು ದೊಡ್ಡ ಇತಿಹಾಸವೇ ಬಿಚ್ಚಿಕೊಳ್ತು. ಅದರಲ್ಲಿ ನಮ್ಮ ಮೈಸೂರಿಗೂ, ಹುರುಳಿಕಾಳಿಗೂ ಒಂದು ಪಾತ್ರ ಇದೆ ಅನ್ನೋದು ನನಗೆ ಖಂಡಿತ ಗೊತ್ತಿರಲಿಲ್ಲ.

ಮೊದಲು ತೀರಾ ಹಳೇದು. ಸಾವಿರಕ್ಕೂ ಹೆಚ್ಚು ವರ್ಷ ಹಿಂದಿನ ಮಾಧವ ನಿದಾನದಲ್ಲಿ 'ಪರಿಣಾಮ ಶೂಲ' ಅಂತ ಒಂದು ಕಾಯಿಲೆಯ ವರ್ಣನೆ ಇದೆ. ಉಂಡದ್ದು ಜೀರ್ಣವಾಗುವ ಹೊತ್ತಿಗೆ ಏಳುವ ನೋವು. ತಾತನ ನಡುರಾತ್ರಿಯ ನೋವಿಗೆ ಇಷ್ಟು ಹತ್ತಿರದ ಹೆಸರು ಬೇರೆ ಇಲ್ಲ. ಇದಕ್ಕೆ ಹೇಳಿದ ಔಷಧಿಗಳಲ್ಲಿ ಒಂದು ನಾರಿಕೇಳ ಲವಣ. ಬಲಿತ ತೆಂಗಿನಕಾಯಿಯೊಳಗೆ ಸೈಂಧವ ಲವಣ ತುಂಬಿ, ಬಟ್ಟೆ ಸುತ್ತಿ, ಮಣ್ಣು ಮೆತ್ತಿ, ಬೆಂಕಿಯಲ್ಲಿ ಸುಟ್ಟು, ಒಳಗೆ ಉಳಿದದ್ದನ್ನು ಪುಡಿ ಮಾಡಿ ಕೊಡೋದು. ಇದನ್ನ ಓದಿ ಅಜ್ಜಿಯನ್ನು ಕೇಳಿದೆ. "ಸುಟ್ಟ ಕಾಯಿ ಉಪ್ಪು ತಾನೆ? ಚಿಕ್ಕನಾಯಕನಹಳ್ಳಿ ಕಡೆ ಒಬ್ಬ ಪಂಡಿತರು ಕೊಡೋರು, ಆರು ತಿಂಗಳು ತಗೊಂಡ್ರು, ತಗೊಂಡಾಗ ವಾಸಿ, ಬಿಟ್ರೆ ಮತ್ತೆ" ಅಂದ್ರು. ನನಗನ್ನಿಸೋದು, ಸುಟ್ಟ ಬೂದಿ ಕ್ಷಾರ, ಕ್ಷಾರ ಆಮ್ಲವನ್ನು ಕೊಲ್ಲುತ್ತೆ, ಒಂದು ಗಂಟೆ ಆರಾಮ. ಸೋಡಾ ಪುಡಿ ಮಾಡಿದ್ದೂ ಅದೇ, ನೀವು ನಾನು ಚಪ್ಪರಿಸೋ ಜೆಲುಸಿಲ್, ಡೈಜೀನ್ ಮಾಡೋದೂ ಅದೇ. ಇಡೀ ಕಲ್ಪತರು ನಾಡಿನಲ್ಲಿ ಈ ಔಷಧಿಗೆ ಕಾಯಿಗಂತೂ ಬರ ಇರಲಿಲ್ಲ.

ಪಶ್ಚಿಮದವರೂ ಬಹಳ ಕಾಲ ಇದಕ್ಕಿಂತ ಮುಂದೆ ಹೋಗಿರಲಿಲ್ಲ. ಆಮ್ಲ ಇಲ್ಲದ ಕಡೆ ಹುಣ್ಣೂ ಇರೋದಿಲ್ಲ ಅಂತ 1910ರಲ್ಲಿ ಶ್ವಾರ್ಟ್ಸ್ ಎಂಬ ವೈದ್ಯರು ಹೇಳಿದ್ದು ಮುಂದಿನ ಎಪ್ಪತ್ತು ವರ್ಷಗಳ ಮಂತ್ರ ಆಯ್ತು. ಅಮೆರಿಕಾದಲ್ಲಿ ಸಿಪ್ಪಿ ಅನ್ನುವ ವೈದ್ಯರು 1915ರಲ್ಲಿ ಗಂಟೆಗೊಮ್ಮೆ ಹಾಲು ಮತ್ತು ಕೆನೆ ಕೊಡುವ ಪದ್ಧತಿ ತಂದರು. ದಶಕಗಟ್ಟಲೆ ರೋಗಿಗಳು ಹಾಲು ಕುಡಿದೇ ಕುಡಿದರು. ಹಾಲು ಆ ಕ್ಷಣಕ್ಕೆ ತಂಪು, ಆಮೇಲೆ ಅದೇ ಇನ್ನಷ್ಟು ಆಮ್ಲ ಸುರಿಸುತ್ತೆ ಅಂತ ಗೊತ್ತಾದದ್ದು ತಡವಾಗಿ. ಇನ್ನು ಎರಡನೇ ಮಹಾಯುದ್ಧದ ಆಸುಪಾಸಿಗೆ ಮನೋವೈದ್ಯರು ಸೇರಿಕೊಂಡರು. ಚಿಂತೆ, ಕೋಪ, ಮಹತ್ವಾಕಾಂಕ್ಷೆ ಇವೇ ಹುಣ್ಣಿನ ಮೂಲ, ಇದು ಮ್ಯಾನೇಜರುಗಳ ಕಾಯಿಲೆ ಅಂತಾಯ್ತು. ತಾತನ ಮುಂಗೋಪದ ದೂರು ಬರೀ ನಮ್ಮಜ್ಜಿಯ ಅತ್ತೆಯ ಕಂಡುಹಿಡಿತ ಅಲ್ಲ, ವೈದ್ಯಪುಸ್ತಕದಲ್ಲೂ ಇತ್ತು ಅಂತಾಯ್ತು!

ಆದರೆ ದಕ್ಷಿಣ ಭಾರತದ ಆಸ್ಪತ್ರೆಗಳಲ್ಲಿ ಕೆಲಸ ಮಾಡ್ತಿದ್ದವರಿಗೆ ಈ ಮ್ಯಾನೇಜರ್ ಸಿದ್ಧಾಂತ ಹೊಂದಲೇ ಇಲ್ಲ. ಅವರ ಮುಂದೆ ಹೊಟ್ಟೆ ಹಿಡಿದುಕೊಂಡು ಸಾಲಾಗಿ ಬರ್ತಿದ್ದವರು ಕೂಲಿಗಳು, ಸಣ್ಣ ರೈತರು. ಇದರಲ್ಲಿ ಮೊದಲು ನೆನೆಯಬೇಕಾದವರು ಸಾಮರ್ವೆಲ್. ಇವರು 1922 ಮತ್ತು 1924ರ ಎವರೆಸ್ಟ್ ತಂಡಗಳಲ್ಲಿದ್ದ ಪರ್ವತಾರೋಹಿ. ಕೊನೆಯ ಸಲ ಮೇಲೆ ಹೋದ ಮ್ಯಾಲರಿಗೆ ತಮ್ಮ ಕ್ಯಾಮೆರಾ ಕೊಟ್ಟು ಕಳಿಸಿದವರು ಇವರೇ, ಆ ಕ್ಯಾಮೆರಾ ಇನ್ನೂ ಸಿಕ್ಕಿಲ್ಲ. (ಅದರ ಬಗ್ಗೆ ಇನ್ನೊಂದು ಪೋಸ್ಟ್ ಬರೀಬೇಕು.) 1922ರಲ್ಲಿ ದಕ್ಷಿಣ ತಿರುವಾಂಕೂರಿನ ನೆಯ್ಯೂರಿನ ಮಿಷನ್ ಆಸ್ಪತ್ರೆ ನೋಡಲು ಹೋಗಿ, ಅಲ್ಲಿನ ರೋಗಿಗಳ ಸಾಲು ಕಂಡು, ಲಂಡನ್ನಿನ ದೊಡ್ಡ ಕೆಲಸ ಬಿಟ್ಟು ಅಲ್ಲೇ ನಿಂತುಬಿಟ್ಟರು. ಅಲ್ಲಿ ಸಾವಿರಾರು ಹುಣ್ಣಿನ ಶಸ್ತ್ರಚಿಕಿತ್ಸೆ ಮಾಡಿದರು. ಅದೇ ಕಾಲಕ್ಕೆ ಕೂನೂರಿನ ಪ್ರಯೋಗಶಾಲೆಯಲ್ಲಿ ಮೆಕ್ಯಾರಿಸನ್ ಅನ್ನುವವರು ಇಲಿಗಳಿಗೆ ಬೇರೆ ಬೇರೆ ಪ್ರಾಂತ್ಯದ ಊಟ ಹಾಕಿ ನೋಡ್ತಿದ್ದರು. ಮರಗೆಣಸು ಹೆಚ್ಚಾಗಿದ್ದ ತಿರುವಾಂಕೂರಿನ ಬಡವರ ಊಟ ತಿಂದ ಇಲಿಗಳಿಗೆ ಹುಣ್ಣಾಯ್ತು. ಗೋಧಿ ರೊಟ್ಟಿ, ಹಾಲು, ಬೇಳೆ, ತರಕಾರಿಯ ಪಂಜಾಬಿನ ಊಟ ತಿಂದ ಇಲಿಗಳಿಗೆ ಆಗಲಿಲ್ಲ. ಇಲಿಗಳಿಗೆ ಯಾವ ಮ್ಯಾನೇಜರ್ ಕೆಲಸವೂ ಇರಲಿಲ್ಲವಲ್ಲ!

ಆಮೇಲೆ ಬಂದವರು ಮಲ್ಹೋತ್ರಾ ಅನ್ನುವ ರೈಲ್ವೆ ವೈದ್ಯರು. ನನಗೆ ಇವರ ವಿಧಾನ ಬಹಳ ಇಷ್ಟ ಆಯ್ತು. ರೈಲ್ವೆ ಅಂದ್ರೆ ದೇಶದ ಉದ್ದಗಲಕ್ಕೂ ಒಂದೇ ಥರದ ಕೆಲಸ, ಒಂದೇ ಥರದ ಸಂಬಳ, ಒಂದೇ ಥರದ ಆಸ್ಪತ್ರೆ ದಾಖಲೆ. ಬೇರೆಯಾಗಿರೋದು ಊಟ. 1964ರಲ್ಲಿ 'ಗಟ್' ಅನ್ನುವ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ ಅವರು ಬರೆದದ್ದು: ಹುಣ್ಣು ಉತ್ತರದವರಿಗಿಂತ ದಕ್ಷಿಣದವರಲ್ಲಿ ಬಹಳ ಹೆಚ್ಚು. ಖಾರ ಕಾರಣವೋ, ಚಿಂತೆ ಕಾರಣವೋ ಅಂತ ತೂಗಿ ನೋಡಿದರು, ಅವರ ಕೈ ಬೊಟ್ಟು ಮಾಡಿದ್ದು ಅಗಿಯುವುದರ ಕಡೆ. ರೊಟ್ಟಿ ತಿನ್ನೋನು ಅಗಿಯಲೇಬೇಕು, ಜೊಲ್ಲು ಬೆರೆಯಲೇಬೇಕು. ಅನ್ನ ಸಾರು ಕಲಸಿ ನುಂಗೋನಿಗೆ ಅದರ ಅಗತ್ಯ ಇಲ್ಲ ಅಂತ ಅವರ ವಾದ. ನಮ್ಮ ಮುದ್ದೆ ಊಟದ ಬಗ್ಗೆ ಅವರಿಗೆ ಯಾರಾದರೂ ಹೇಳಿದ್ದರೋ ಇಲ್ಲವೋ! ಮುದ್ದೆಯನ್ನ ಅಗಿಯೋದೇ ಇಲ್ಲ, ನುಂಗೋದು ಅಂತ ಗೊತ್ತಾಗಿದ್ದರೆ ಬೆಚ್ಚಿಬೀಳ್ತಿದ್ದರು.

ಈಗ ನಮ್ಮ ಮೈಸೂರು. ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಜನರ ಬಾಯಲ್ಲಿ ಮಿಷನ್ ಆಸ್ಪತ್ರೆ, 1906ರಲ್ಲಿ ಶುರುವಾದದ್ದು. ಚೀನಾದಲ್ಲಿ ಕೆಲಸ ಮಾಡಿ ಅಲ್ಲಿಂದ ಬಂದ ಫ್ರಾಂಕ್ ಟೋವಿ ಅನ್ನುವ ಸರ್ಜನ್ 1951ರಿಂದ 1967ರವರೆಗೆ ಇಲ್ಲಿದ್ದರು. ಕುಷ್ಠರೋಗಿಗಳ ಕೈಕಾಲು ಸರಿಪಡಿಸುವ ಶಸ್ತ್ರಚಿಕಿತ್ಸೆ ಒಂದು ಕಡೆ, ಹುಣ್ಣಿನವರ ಹೊಟ್ಟೆ ಇನ್ನೊಂದು ಕಡೆ. ಇಂಗ್ಲೆಂಡಿನಲ್ಲಿ ಹುಣ್ಣು ರಕ್ತ ಸುರಿದೋ ಒಡೆದೋ ಆಸ್ಪತ್ರೆಗೆ ಬರ್ತಿತ್ತು. ಇಲ್ಲಿ ಬಹಳ ಜನ ಬರ್ತಿದ್ದದ್ದು ನಮ್ಮ ತಾತನ ಹಾಗೆ, ಬಾಗಿಲು ಮುಚ್ಚಿಹೋಗಿ, ನಿನ್ನೆಯ ಊಟ ಇವತ್ತು ವಾಂತಿ ಮಾಡಿಕೊಳ್ತಾ. ತಾತನ ಆಪರೇಷನ್ ಹೊತ್ತಿಗೆ ಟೋವಿ ವಾಪಸ್ ಹೋಗಿ ಆರು ವರ್ಷ ಆಗಿತ್ತು, ಆದ್ದರಿಂದ ಅವರೇ ಕತ್ತರಿಸಿದ್ದು ಅಂತ ಹೇಳಿಕೊಳ್ಳೋ ಭಾಗ್ಯ ನನಗಿಲ್ಲ.

ಟೋವಿ ಊರಿಗೆ ಹೋದರೂ ಮೈಸೂರಿನಲ್ಲಿ ಕಂಡ ಪ್ರಶ್ನೆಯನ್ನು ಬಿಡಲಿಲ್ಲ. ಭಾರತ, ಬಾಂಗ್ಲಾದೇಶದ ಆಸ್ಪತ್ರೆಗಳಿಂದ ಲೆಕ್ಕ ಸೇರಿಸಿ 1979ರಲ್ಲಿ ಬರೆದರು. ದಕ್ಷಿಣ ಮತ್ತು ಪೂರ್ವದ ಅಕ್ಕಿ ಸೀಮೆಯಲ್ಲಿ ಹುಣ್ಣು ಹೆಚ್ಚು, ವಾಯವ್ಯದ ಗೋಧಿ ಸೀಮೆಯಲ್ಲಿ ಕಡಿಮೆ. ಮರುವರ್ಷವೇ ಜಯರಾಜ್ ಮುಂತಾದವರ ಜೊತೆ ಸೇರಿ ಯಾವ ಧಾನ್ಯ ಕಾಪಾಡುತ್ತೆ ಅಂತ ಇಲಿಗಳ ಮೇಲೆ ಮಾಡಿದ ಪ್ರಯೋಗಗಳನ್ನು ಪ್ರಕಟಿಸಿದರು, ಆಮೇಲೂ ದಶಕಗಟ್ಟಲೆ ಮುಂದುವರಿಸಿದರು. ಪಾಲಿಶ್ ಮಾಡಿದ ಅಕ್ಕಿ, ಮರಗೆಣಸು ಹುಣ್ಣಿನ ಸೀಮೆಯ ಆಹಾರ. ತೌಡು ತೆಗೆಯದ ಗೋಧಿ, ಕೆಲವು ಸಿರಿಧಾನ್ಯ, ಕೆಲವು ಕಾಳು ಕಾಪಾಡುವ ಆಹಾರ. ಕಾಪಾಡುವ ಗುಣ ಇದ್ದದ್ದು ಧಾನ್ಯದ ಜಿಡ್ಡಿನ ಅಂಶದಲ್ಲಿ. ಅವರು ಪರೀಕ್ಷೆ ಮಾಡಿದ ಕಾಳುಗಳಲ್ಲಿ ಗಟ್ಟಿ ಪರಿಣಾಮ ತೋರಿಸಿ ಹೆಸರು ಮಾಡಿದ್ದು ಯಾವುದು ಹೇಳಿ? ಹುರುಳಿಕಾಳು! ನಮ್ಮ ಮನೆಯಲ್ಲಿ ಎತ್ತಿಗೆ ಬೇಯಿಸಿ ಹಾಕಿ, ಅದರ ಕಟ್ಟು ಬಸಿದು ನಮಗೆ ಸಾರು ಮಾಡ್ತಿದ್ದ ಹುರುಳಿ. ಓದಿದ ಕೂಡಲೇ ಅಪ್ಪನಿಗೆ ಫೋನ್ ಮಾಡಿ ಹೇಳಿದೆ. "ನಿಮ್ಮ ತಾತ ದಿನಾ ತಿಂತಿದ್ದದ್ದೇ ಅದು, ಅವರಿಗೆ ಯಾಕೆ ಬಂತು?" ಅಂದರು. ಒಳ್ಳೇ ಪ್ರಶ್ನೆ. ಒಬ್ಬ ಮನುಷ್ಯನ ಊಟದಿಂದ ಸಿದ್ಧಾಂತ ಬೀಳೋದೂ ಇಲ್ಲ, ನಿಲ್ಲೋದೂ ಇಲ್ಲ. ಇನ್ನೊಂದು ವಿಷಯ, ತಾತ ಬೀಡಿ ಸೇದೋರು, ಎಲೆಯಡಿಕೆ ಜೊತೆ ಕಡ್ಡಿಪುಡಿ ಬೇರೆ. ಬೀಡಿ ಸಿಗರೇಟು ಹುಣ್ಣನ್ನು ಹೆಚ್ಚಿಸುತ್ತೆ, ಮಾಗಲು ಬಿಡೋದಿಲ್ಲ ಅನ್ನೋದು ಎಲ್ಲರೂ ಒಪ್ಪಿದ್ದು. ಮನೆಯಲ್ಲಿ ಯಾರೂ ಬೀಡಿಯ ಮೇಲೆ ತಪ್ಪು ಹೊರಿಸಿರಲಿಲ್ಲ ಅನ್ನೋದು ಬೇರೆ ಮಾತು.

ತಾತನ ಆಪರೇಷನ್ ಆಗಿ ಮೂರೇ ವರ್ಷಕ್ಕೆ, 1976ರಲ್ಲಿ, ಬ್ರಿಟನ್ನಿನಲ್ಲಿ ಸಿಮೆಟಿಡಿನ್ ಅನ್ನುವ ಮಾತ್ರೆ ಬಂತು. ಜೇಮ್ಸ್ ಬ್ಲ್ಯಾಕ್ ಮತ್ತು ಸಂಗಡಿಗರ ಕೆಲಸ, ಮುಂದೆ 1988ರಲ್ಲಿ ಬ್ಲ್ಯಾಕ್ ಅವರಿಗೆ ನೊಬೆಲ್ ಬಂತು. ಆಮ್ಲ ಬಿದ್ದಮೇಲೆ ಅದನ್ನ ಕೊಲ್ಲೋದಲ್ಲ, ಸುರಿಸು ಅನ್ನುವ ಸಂದೇಶವನ್ನೇ ಜಠರದ ಜೀವಕೋಶದ ಬಾಗಿಲಲ್ಲಿ ತಡೆಯೋದು. ನರ ಕತ್ತರಿಸಿ ಮಾಡುತ್ತಿದ್ದ ಕೆಲಸ ಒಂದು ಮಾತ್ರೆಯಿಂದ ಆಯ್ತು. ಅದರ ಹಿಂದೆಯೇ ರಾನಿಟಿಡಿನ್ ಬಂತು. ನಮ್ಮ ದೇಶದ 1970ರ ಪೇಟೆಂಟ್ ಕಾಯ್ದೆ ಔಷಧಿಗೆ ಪೇಟೆಂಟ್ ಕೊಡ್ತಿರಲಿಲ್ಲ, ತಯಾರಿಸುವ ವಿಧಾನಕ್ಕೆ ಮಾತ್ರ ಕೊಡ್ತಿತ್ತು. ಆದ್ದರಿಂದ ನಮ್ಮ ಕಂಪನಿಗಳು ಬೇರೆ ವಿಧಾನದಲ್ಲಿ ಅದನ್ನೇ ಮಾಡಿ ಅಗ್ಗಕ್ಕೆ ಮಾರಿದವು. ರಾಂಟ್ಯಾಕ್, ಆಸಿಲಾಕ್ ಹಳ್ಳಿ ಹಳ್ಳಿಯ ಗೂಡಂಗಡಿ ತನಕ ಬಂದವು. (ಈ ರಾನಿಟಿಡಿನ್ ಕತೆಯ ಕೊನೆ ಚೆನ್ನಾಗಿಲ್ಲ. ಅದರಲ್ಲಿ ಕ್ಯಾನ್ಸರ್ ತರಬಹುದಾದ ಒಂದು ಕಲ್ಮಶ ಸಿಕ್ಕಿ 2020ರಲ್ಲಿ ಅಮೆರಿಕಾ ಮಾರುಕಟ್ಟೆಯಿಂದ ತೆಗೆಸಿತು, 2022ರಲ್ಲಿ ಭಾರತದ ಅಗತ್ಯ ಔಷಧಿಗಳ ಪಟ್ಟಿಯಿಂದಲೂ ಬಿತ್ತು.) 1988ರ ಹೊತ್ತಿಗೆ ಇನ್ನೂ ಗಟ್ಟಿಯಾದ ಒಮೆಪ್ರಜೋಲ್ ಬಂತು, ಇದು ಆಮ್ಲದ ಪಂಪನ್ನೇ ನಿಲ್ಲಿಸುತ್ತೆ. ಆದರೆ ಇವೆಲ್ಲದರದ್ದೂ ಒಂದೇ ಹಾಡು. ತಗೊಂಡಾಗ ವಾಸಿ, ಬಿಟ್ರೆ ಮತ್ತೆ. ಅಜ್ಜಿ ಸುಟ್ಟ ಕಾಯಿಗೆ ಹೇಳಿದ ಮಾತೇ.

ಯಾಕೆ ಮತ್ತೆ ಮತ್ತೆ ಬರುತ್ತೆ? ಇಲ್ಲಿ ನಮ್ಮ ಕಡೆಯದ್ದೇ ಒಂದು ಉಪಮೆ ಕೊಡ್ತೀನಿ. 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡ ತೆಂಗಿನ ನುಸಿ ರೋಗ ಬೇಗನೇ ನಮ್ಮ ಸೀಮೆಗೂ ಬಂತು. ಆಗ ನಾನು ಎಳೇ ಮಗು, ಆಮೇಲೆ ಕೇಳಿ ಗೊತ್ತು. ಕಾಯಿಯ ಮೇಲೆ ಕಂದು ಕಲೆ, ಬಿರುಕು, ಕಾಯಿ ಚಿಕ್ಕದು, ಕೊಬ್ಬರಿ ತೂಕ ಇಲ್ಲ. ಗೊಬ್ಬರ ಸಾಲದು ಅಂದರು, ಮಳೆ ಸಾಲದು ಅಂದರು, ತೋಟ ಮಾಡೋಕೆ ಬರಲ್ಲ ಅಂತ ಒಬ್ಬರನ್ನೊಬ್ಬರು ಆಡಿಕೊಂಡರು. ಕಣ್ಣಿಗೆ ಕಾಣದ ನುಸಿ ಕಾಯಿಯ ತೊಟ್ಟಿನ ಟೋಪಿಯ ಅಡಿ ಬೆಚ್ಚಗೆ ಕೂತಿತ್ತು. ಮೇಲಿಂದ ಸಿಂಪಡಿಸಿದ ಔಷಧಿ ಅಲ್ಲಿಗೆ ಸರಿಯಾಗಿ ತಲುಪೋದೇ ಇಲ್ಲ, ಅದಕ್ಕೇ ಬೇರಿನ ಮೂಲಕವೂ ಕೊಡಬೇಕಾಯ್ತು.

ಹೊಟ್ಟೆಯ ನುಸಿ ಸಿಕ್ಕಿದ್ದು ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ. ರಾಬಿನ್ ವಾರೆನ್ ಅನ್ನುವ ಪೆಥಾಲಜಿಸ್ಟ್ 1979ರಲ್ಲಿ ಜಠರದ ಚೂರುಗಳಲ್ಲಿ ಸುರುಳಿಯಾಕಾರದ ಬ್ಯಾಕ್ಟೀರಿಯಾ ನೋಡಿದರು. ಅಷ್ಟು ಆಮ್ಲದಲ್ಲಿ ಯಾವ ಜೀವಿಯೂ ಬದುಕಲಾರದು ಅಂತ ಎಲ್ಲರ ನಂಬಿಕೆ, ಯಾರೂ ಕಿವಿಗೊಡಲಿಲ್ಲ. 1981ರಲ್ಲಿ ಬ್ಯಾರಿ ಮಾರ್ಷಲ್ ಅನ್ನುವ ಮೂವತ್ತರ ಹರೆಯದ ವೈದ್ಯ ಜೊತೆಯಾದರು. ಲ್ಯಾಬಿನಲ್ಲಿ ಎಷ್ಟು ಪ್ರಯತ್ನಪಟ್ಟರೂ ಅದು ಬೆಳೀತಿರಲಿಲ್ಲ, ಎರಡು ದಿನ ನೋಡಿ ತಟ್ಟೆ ಎಸೆದುಬಿಡೋರು. 1982ರ ಈಸ್ಟರ್ ರಜೆಯಲ್ಲಿ ತಟ್ಟೆಗಳು ಹೆಚ್ಚು ದಿನ ಒಳಗೇ ಉಳಿದುಬಿಟ್ಟವು. ರಜೆ ಮುಗಿಸಿ ಬಂದು ನೋಡಿದರೆ ಬೆಳೆದಿತ್ತು! ಟೈಮ್‌ಔಟ್ ಜಾಸ್ತಿ ಮಾಡಿದ ತಕ್ಷಣ ಕೆಲಸ ಮಾಡಿದ ಪ್ರೋಗ್ರಾಮುಗಳನ್ನ ನೋಡಿದವರಿಗೆ ಈ ಸಂತೋಷ ಅರ್ಥ ಆಗುತ್ತೆ.

ಆದರೂ ವೈದ್ಯಲೋಕ ನಂಬಲಿಲ್ಲ. 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯಾ ಬೆಳೆಸಿದ ದ್ರವವನ್ನ ತಾನೇ ಕುಡಿದುಬಿಟ್ಟರು. ಕೆಲವೇ ದಿನಕ್ಕೆ ವಾಂತಿ, ಬಾಯಿ ವಾಸನೆ. ಎಂಡೋಸ್ಕೋಪಿ ಮಾಡಿಸಿಕೊಂಡರೆ ಜಠರ ಉರಿಯೂತದಿಂದ ಕೆಂಪಾಗಿತ್ತು, ಬ್ಯಾಕ್ಟೀರಿಯಾ ತುಂಬಿತ್ತು. ಇದಕ್ಕೆ ಈಗಿನ ಹೆಸರು ಹೆಲಿಕೋಬ್ಯಾಕ್ಟರ್ ಪೈಲೋರಿ. ಯೂರಿಯೇಸ್ ಅನ್ನುವ ಕಿಣ್ವದಿಂದ ತನ್ನ ಸುತ್ತ ಅಮೋನಿಯಾ ಮಾಡಿಕೊಂಡು ಆಮ್ಲವನ್ನು ತಣಿಸುತ್ತೆ, ತಿರುಪಿನ ಹಾಗೆ ಲೋಳೆಯೊಳಗೆ ಕೊರೆದುಕೊಂಡು ಹೋಗಿ ಗೋಡೆಗೆ ಅಂಟಿ ಕೂರುತ್ತೆ. ಥೇಟ್ ತೊಟ್ಟಿನ ಟೋಪಿಯ ಅಡಿಯ ನುಸಿ. ಆಂಟಿಬಯಾಟಿಕ್ ಕೊಟ್ಟು ಇದನ್ನ ಓಡಿಸಿದರೆ ಹುಣ್ಣು ಮಾಗುತ್ತೆ, ಮತ್ತೆ ಬರೋದು ಬಹಳ ಅಪರೂಪ ಆಗುತ್ತೆ. 2005ರಲ್ಲಿ ವಾರೆನ್ ಮತ್ತು ಮಾರ್ಷಲ್ ಇಬ್ಬರಿಗೂ ನೊಬೆಲ್ ಬಂತು. ವಾರೆನ್ 2024ರಲ್ಲಿ ತೀರಿಕೊಂಡರು. ಇವರಿಗಿಂತ ಇಪ್ಪತ್ತೈದು ವರ್ಷ ಮೊದಲೇ, 1958ರಲ್ಲಿ, ಗ್ರೀಸ್ ದೇಶದ ಲೈಕೌಡಿಸ್ ಅನ್ನುವ ಊರ ವೈದ್ಯ ಹುಣ್ಣಿಗೆ ಆಂಟಿಬಯಾಟಿಕ್ ಕೊಡಲು ಶುರುಮಾಡಿದ್ದರು. ಅವರಿಗೆ ಸಿಕ್ಕಿದ್ದು ದಂಡ.

ಹಾಗಾದ್ರೆ ಟೋವಿ, ಮಲ್ಹೋತ್ರಾ ಎಲ್ಲ ಸುಳ್ಳಾ? ನನಗೆ ಹಾಗನ್ನಿಸಲ್ಲ. ಭಾರತದಲ್ಲಿ ಈ ಬ್ಯಾಕ್ಟೀರಿಯಾ ಅರ್ಧ ಜನಕ್ಕಿಂತ ಹೆಚ್ಚಿನವರ ಹೊಟ್ಟೆಯಲ್ಲಿದೆ, ಉತ್ತರದಲ್ಲೂ ಇದೆ, ದಕ್ಷಿಣದಲ್ಲೂ ಇದೆ. ಅವರಲ್ಲಿ ಹುಣ್ಣಾಗೋದು ಕೆಲವರಿಗೆ ಮಾತ್ರ. ಆ ಕೆಲವರು ಒಂದು ಕಾಲದಲ್ಲಿ ಅಕ್ಕಿ ಸೀಮೆಯಲ್ಲೇ ಯಾಕೆ ಹೆಚ್ಚಿದ್ದರು ಅನ್ನೋದನ್ನ ಬ್ಯಾಕ್ಟೀರಿಯಾ ಒಂದೇ ಹೇಳೋದಿಲ್ಲ. ಟೋವಿ ಇದೇ ಮಾತನ್ನ ಎಷ್ಟೋ ವರ್ಷ ಬರೆಯುತ್ತಲೇ ಇದ್ದರು. ಬೀಜ ಒಂದೇ, ಬೆಳೆಯೋದು ನೆಲ ನೋಡಿ.

ಖಾರದ ವಿಷಯ ಮಾತ್ರ ಸ್ಪಷ್ಟ. ಇರುವ ಹುಣ್ಣಿಗೆ ಖಾರ ಉರಿ ತರಬಹುದು, ಹುಣ್ಣು ತರೋದಿಲ್ಲ. 1995ರಲ್ಲಿ ಸಿಂಗಪುರದಿಂದ ಪ್ರಕಟವಾದ ಒಂದು ಅಧ್ಯಯನದಲ್ಲಂತೂ ಹುಣ್ಣು ಇದ್ದವರಿಗಿಂತ ಇಲ್ಲದವರೇ ಹೆಚ್ಚು ಮೆಣಸಿನಕಾಯಿ ತಿನ್ನೋರಾಗಿದ್ದರು.

ಇಷ್ಟೆಲ್ಲ ಓದೋಕೆ ಇನ್ನೊಂದು ಕಾರಣವೂ ಇದೆ. ಮೂರು ತಿಂಗಳ ಹಿಂದೆ ಅಪ್ಪನಿಗೂ ಆಯ್ತು. ಸೊಂಟ ನೋವಿಗೆ ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತಗೊಂಡ ನೋವಿನ ಮಾತ್ರೆಯನ್ನ ಎರಡು ತಿಂಗಳಿಂದ ದಿನಾ ನುಂಗ್ತಿದ್ದರು. ಒಂದು ವಾರ ಮಲ ಟಾರಿನ ಹಾಗೆ ಕಪ್ಪಗೆ ಬಂದಿದೆ, ರಾಗಿ ಮುದ್ದೆ ಬಣ್ಣ ಅಂತ ಸುಮ್ಮನಿದ್ದರು. ತೋಟದಲ್ಲಿ ತಲೆ ಸುತ್ತಿ ಕೂತ ಮೇಲೆ ಅಮ್ಮ ಫೋನ್ ಮಾಡಿದರು. ಅದು ಹುಣ್ಣಿನಿಂದ ರಕ್ತ ಒಸರಿ, ಕರುಳಲ್ಲಿ ಜೀರ್ಣವಾಗಿ ಕಪ್ಪಾದದ್ದು. ದಯವಿಟ್ಟು ನಿಮ್ಮ ಮನೆಯಲ್ಲಿ ಯಾರಿಗಾದರೂ ಹೀಗಾದರೆ ಒಂದು ದಿನವೂ ಕಾಯಬೇಡಿ. ನೋವಿನ ಮಾತ್ರೆಗಳು, ಆಸ್ಪಿರಿನ್, ಡೈಕ್ಲೋಫಿನಾಕ್, ಐಬುಪ್ರೊಫೇನ್ ಥರದವು, ಜಠರದ ಲೋಳೆಯ ಲೇಪನವನ್ನೇ ತೆಳ್ಳಗೆ ಮಾಡ್ತವೆ. ಹುಣ್ಣಿಗೆ ಬ್ಯಾಕ್ಟೀರಿಯಾ ಬಿಟ್ಟರೆ ಇನ್ನೊಂದು ದೊಡ್ಡ ಕಾರಣ ಅದೇ. ಎರಡೂ ಸೇರಿದರೆ ಅಪಾಯ ಇನ್ನೂ ಜಾಸ್ತಿ. ಅಪ್ಪನಿಗೆ ಎರಡೂ ಸೇರಿತ್ತು.

ಎಂಡೋಸ್ಕೋಪಿಯಲ್ಲೇ ಒಂದು ಚೂರು ತೆಗೆದು ಪರೀಕ್ಷೆ ಮಾಡಿದರು, ಪೈಲೋರಿ ಇತ್ತು. ಹದಿನಾಲ್ಕು ದಿನ ಎರಡು ಆಂಟಿಬಯಾಟಿಕ್, ಜೊತೆಗೆ ಆಮ್ಲ ನಿಲ್ಲಿಸೋ ಮಾತ್ರೆ. ಬಾಯಿ ಕಹಿ, ಬೇಧಿ, ಹತ್ತನೇ ದಿನಕ್ಕೆ "ಸಾಕಪ್ಪ" ಅಂದರು. ನಮ್ಮ ದೇಶದಲ್ಲಿ ಈ ಬ್ಯಾಕ್ಟೀರಿಯಾ ಹಲವು ಆಂಟಿಬಯಾಟಿಕ್‌ಗಳಿಗೆ ಈಗಾಗಲೇ ಬಗ್ಗೋದಿಲ್ಲ, ಅರ್ಧಕ್ಕೆ ಬಿಟ್ಟರೆ ಮುಗೀತು ಅಂತ ಗದರಿ ಮುಗಿಸಿದ್ದಾಯ್ತು. ಹೌದು, ಗದರಿದೆ. ಮುಂಗೋಪ ಮನೆತನದ್ದು.

ತಾತ ಹತ್ತು ವರ್ಷ ನರಳಿ ಹೊಟ್ಟೆ ಸೀಳಿಸಿಕೊಂಡರು, ಅಪ್ಪನದ್ದು ಹದಿನಾಲ್ಕು ದಿನದ ಕಹಿ. ಈ ಬ್ಯಾಕ್ಟೀರಿಯಾ ಸಾಮಾನ್ಯವಾಗಿ ಚಿಕ್ಕಂದಿನಲ್ಲೇ, ಒಂದೇ ಮನೆಯೊಳಗೆ, ದೊಡ್ಡವರಿಂದ ಮಕ್ಕಳಿಗೆ ದಾಟುತ್ತಂತೆ. ತಾತನ ತಟ್ಟೆಯಿಂದ ತುತ್ತು ತಿಂದು ಬೆಳೆದವರು ಅಪ್ಪ. ಪೌತಿ ಖಾತೆ ಇಲ್ಲದೆಯೇ ಇದೊಂದು ಆಸ್ತಿ ವರ್ಗಾವಣೆ ಆಗಿತ್ತೇನೋ. ನನ್ನದನ್ನೂ ಒಂದ್ಸಲ ಪರೀಕ್ಷೆ ಮಾಡಿಸಬೇಕು.

ಭಾನುವಾರ ರಾತ್ರಿ ಅಜ್ಜಿಯ ಪಕ್ಕ ಕೂತು ಇದನ್ನೆಲ್ಲ ನನಗೆ ಬಂದ ಹಾಗೆ ಹೇಳಿದೆ. ನುಸಿಯ ಉಪಮೆ ಅವರಿಗೆ ತಕ್ಷಣ ಹಿಡಿಸಿತು. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು:

"ಹಂಗಾದ್ರೆ ಖಾರದಿಂದ ಅಲ್ವಾ ಮಗ?"

"ಅಲ್ಲ ಅಜ್ಜಿ."

"ಡಾಕ್ಟ್ರು ಹೇಳಿದ್ರಾ, ನೀನೇ ಹೇಳ್ತಿದ್ದೀಯಾ?"

"ಡಾಕ್ಟ್ರೇ. ನೊಬೆಲ್ ಪ್ರಶಸ್ತಿ ಬಂದವರು."

"ನಮ್ಮತ್ತೆ ಇದ್ದಿದ್ರೆ ಹೇಳಬಹುದಿತ್ತು" ಅಂದರು. ಆಮೇಲೆ ಎಲೆಗೆ ಸುಣ್ಣ ಹಚ್ಚುತ್ತಾ, ಅಪ್ಪನ ಮಾತ್ರೆ ಪೂರ್ತಿ ಮುಗೀತಾ ಅಂತ ವಿಚಾರಿಸಿದರು. ಮುಗಿದು ಎರಡು ತಿಂಗಳಾಯ್ತು. ಮಾತ್ರೆ ಮುಗಿದು ಕನಿಷ್ಠ ನಾಲ್ಕು ವಾರ ಆದಮೇಲೆ ಉಸಿರಿನ ಪರೀಕ್ಷೆ ಮಾಡಿಸಿ ಬ್ಯಾಕ್ಟೀರಿಯಾ ಪೂರ್ತಿ ಹೋಗಿದೆಯಾ ಅಂತ ನೋಡಬೇಕು. ಮುಂದಿನ ವಾರ ಬೆಂಗಳೂರಿಗೆ ಕರ್ಕೊಂಡು ಬರ್ತಾ ಇದೀನಿ. ಪೌತಿ ಖಾತೆಗೆ ಅತ್ತೆಯರಿಬ್ಬರ ಸಹಿ ಇನ್ನೂ ಆಗಬೇಕು.